ತಲೆ ಎಣಿಸಿದ್ದು ಸಾಕು, ನಿಮಿಷ ಎಣಿಸೋಣ

ನಮಸ್ಕಾರ. ಸಾರ್ವಜನಿಕರಿಗೆ ತೆರೆದ ವಿಜ್ಞಾನ ಪ್ರದರ್ಶನವೋ ಆಕಾಶ ವೀಕ್ಷಣೆಯೋ ಮುಗಿದ ಮೇಲೆ ಸಂಘಟಕರ ಬಾಯಲ್ಲಿ ಮೊದಲು ಬರೋ ಮಾತು, ಎಷ್ಟು ಜನ ಬಂದಿದ್ರು ಅನ್ನೋದು. ಈ ಲೆಕ್ಕದ ಮೇಲೆ ನನಗೆ ತಕರಾರಿದೆ. ಬಾಗಿಲಲ್ಲಿ ನಿಂತು ತಲೆ ಎಣಿಸೋದು ಸುಲಭ. ಒಳಗೆ ಬಂದವರಿಗೆ ಒಂದೊಂದು ವಸ್ತುವಿನ ಮುಂದೆ ಎಷ್ಟು ಹೊತ್ತು ಸಿಕ್ಕಿತು, ಆ ಹೊತ್ತಲ್ಲಿ ಅವರ ಕಣ್ಣಿಗೆ, ಕೈಗೆ ಏನು ದಕ್ಕಿತು, ಅದನ್ನ ಯಾರೂ ಎಣಿಸಲ್ಲ. ಎಣಿಸಿ ನೋಡಿ, ಇಡೀ ಯೋಜನೆಯೇ ಬೇರೆಯಾಗುತ್ತೆ.

ಆಕಾಶ ವೀಕ್ಷಣೆಯನ್ನೇ ತಗೊಳ್ಳಿ. ಒಂದು ಟೆಲಿಸ್ಕೋಪ್, ಮೂರು ಗಂಟೆ, 300 ಜನ. ತಲೆಗೆ 36 ಸೆಕೆಂಡ್. ಮೆಟ್ಟಿಲು ಹತ್ತಿ, ಬಗ್ಗಿ, ಐಪೀಸಿಗೆ, ಅಂದರೆ ಇಣುಕಿ ನೋಡೋ ಮಸೂರಕ್ಕೆ, ಕಣ್ಣು ಸರಿಯಾಗಿ ಕೂರಿಸಿಕೊಳ್ಳೋದಕ್ಕೇ ಹೊಸಬರಿಗೆ 15–20 ಸೆಕೆಂಡ್ ಬೇಕು. ಚಿತ್ರ ಈಗ ಸಿಕ್ತು ಅನ್ನೋ ಹೊತ್ತಿಗೆ ‘ಮುಂದಿನವರು ಬನ್ನಿ’ ಅಂತ ಕೂಗು. ಹಿಂದಿನವರಿಗೆ ತೊಂದರೆ ಆಗಬಾರದು ಅಂತ ‘ಕಾಣಿಸ್ತು, ಕಾಣಿಸ್ತು’ ಅಂದು ಇಳಿದು ಹೋಗ್ತಾರೆ. ಎಷ್ಟೋ ಜನಕ್ಕೆ ಏನೂ ಕಂಡಿರಲ್ಲ. ಇದನ್ನ ಪತ್ತೆ ಮಾಡೋಕೆ ಒಂದೇ ದಾರಿ: ಹೌದು–ಇಲ್ಲ ಅಂತ ಉತ್ತರಿಸೋಕಾಗದ ಪ್ರಶ್ನೆ ಕೇಳೋದು. ‘ಕಾಣಿಸ್ತಾ’ ಅನ್ನಬೇಡಿ. ಚಂದ್ರನಾದರೆ ‘ಕುಳಿಗಳ ನೆರಳು ಯಾವ ಕಡೆಗಿದೆ’ ಅನ್ನಿ. ಶನಿಯಾದರೆ ‘ಉಂಗುರಕ್ಕೂ ಗೋಳಕ್ಕೂ ನಡುವೆ ಕಪ್ಪು ಸಂದು ಕಾಣ್ತಿರೋದು ಒಂದು ಕಡೆಯೋ ಎರಡೂ ಕಡೆಯೋ’ ಅನ್ನಿ. ಕಂಡವರ ದನಿಯೇ ಬದಲಾಗುತ್ತೆ.

ಒಬ್ಬರಿಗೆ ಒಂದೂವರೆ ನಿಮಿಷ ಅಂತ ಇಟ್ಟುಕೊಂಡರೆ ಮೂರು ಗಂಟೆಯಲ್ಲಿ ಒಂದು ಟೆಲಿಸ್ಕೋಪಿಗೆ 120 ಜನ. 300 ಜನ ಬರ್ತಾರೆ ಅಂದರೆ ಮೂರು ಟೆಲಿಸ್ಕೋಪ್ ಬೇಕು. ಅಷ್ಟು ಇಲ್ಲವಾದರೆ ಮೊದಲೇ ಚೀಟಿ ಕೊಟ್ಟು ಸಮಯ ಹಂಚಿ. ಸಾಲಿನಲ್ಲಿ ಕಾಯೋರನ್ನ ಸುಮ್ಮನೆ ನಿಲ್ಲಿಸಬೇಡಿ. ಸ್ಟ್ಯಾಂಡಿಗೆ ಬಿಗಿದ ಒಂದು 10×50 ಬೈನಾಕ್ಯುಲರ್ (10 ಪಟ್ಟು, 50 ಮಿಲಿಮೀಟರ್ ಮಸೂರ) ಇಟ್ಟರೆ ಕಾಯೋ ಹೊತ್ತೂ ನೋಡೋ ಹೊತ್ತೇ ಆಗುತ್ತೆ.

ದಿನದ ಆಯ್ಕೆಯಲ್ಲೂ ಎಡವಟ್ಟಾಗುತ್ತೆ. ಹುಣ್ಣಿಮೆ ನೋಡೋಕೆ ಚೆಂದ ಅಂತ ಅವತ್ತೇ ಇಡ್ತಾರೆ. ಹುಣ್ಣಿಮೆಯ ಚಂದ್ರನ ಮೇಲೆ ಬೆಳಕು ನಮ್ಮ ಕಡೆಯಿಂದ ನೇರ ಬೀಳೋದ್ರಿಂದ ನೆರಳೇ ಇರಲ್ಲ, ಎಲ್ಲಾ ಸಪಾಟು. ಶುಕ್ಲ ಪಕ್ಷದ ಸಪ್ತಮಿ, ಅಷ್ಟಮಿಯ ಆಸುಪಾಸಿನಲ್ಲಿ ನೋಡಿ. ಬೆಳಕು–ಕತ್ತಲೆ ಕೂಡೋ ಗೆರೆಯುದ್ದಕ್ಕೂ ಕುಳಿಗಳು ಉದ್ದುದ್ದ ನೆರಳು ಚೆಲ್ಲಿ ಎದ್ದು ನಿಂತಿರ್ತವೆ. ಸಂಜೆಯೇ ತಲೆ ಮೇಲಿರೋದ್ರಿಂದ ಮಕ್ಕಳನ್ನ ತಡರಾತ್ರಿವರೆಗೆ ಕಾಯಿಸೋದೂ ತಪ್ಪುತ್ತೆ.

ವರ್ಧನೆ, ಅಂದರೆ ಎಷ್ಟು ಪಟ್ಟು ದೊಡ್ಡದಾಗಿ ಕಾಣುತ್ತೆ ಅನ್ನೋದು, ಹೆಚ್ಚಿದಷ್ಟೂ ಒಳ್ಳೇದು ಅನ್ನೋದು ಇನ್ನೊಂದು ತಪ್ಪು. ಭೂಮಿ ತಿರುಗೋದ್ರಿಂದ ಆಕಾಶ ಗಂಟೆಗೆ 15 ಡಿಗ್ರಿ ಸರಿಯುತ್ತೆ. ಮೋಟಾರ್ ಇಲ್ಲದ ಟೆಲಿಸ್ಕೋಪಿನಲ್ಲಿ ನೋಟದ ಅಗಲ ಅರ್ಧ ಡಿಗ್ರಿ ಇದ್ದರೆ ಗ್ರಹ ಈ ಅಂಚಿಂದ ಆ ಅಂಚಿಗೆ ಎರಡೇ ನಿಮಿಷದಲ್ಲಿ ಹೋಗಿಬಿಡುತ್ತೆ. 100 ಪಟ್ಟಿನ ಬದಲು 50 ಪಟ್ಟು ಇಟ್ಟರೆ ಅದೇ ಬಗೆಯ ಐಪೀಸಿನಲ್ಲಿ ನಾಲ್ಕು ನಿಮಿಷ ಸಿಗುತ್ತೆ. ಶನಿಯ ಉಂಗುರಕ್ಕೆ ಅಷ್ಟು ಸಾಕು. ಗ್ರಹವನ್ನ ನಡುವಿಗೆ ಬಿಡಬೇಡಿ, ಅದು ಒಳಗೆ ಬರೋ ಅಂಚಿನ ಹತ್ತಿರ ಬಿಡಿ. ನೋಡ್ತಾ ಇದ್ದ ಹಾಗೆ ತಾನೇ ನಡುವಿಗೆ ಬರುತ್ತೆ. ಮಕ್ಕಳು ಐಪೀಸನ್ನೇ ಹಿಡಿದು ಜೋತುಬೀಳೋದು ತುಂಟತನದಿಂದಲ್ಲ, ಹಿಡಿಯೋಕೆ ಬೇರೇನೂ ಇಲ್ಲದ್ದಕ್ಕೆ. ಪಕ್ಕದಲ್ಲಿ ಹಿಡಿಕೆ ಇರೋ ಗಟ್ಟಿ ಏಣಿ ಇಡಿ, ಕೈ ಅಲ್ಲಿಗೆ ಹೋಗುತ್ತೆ.

ಹಗಲಲ್ಲಿ ಸೂರ್ಯನನ್ನ ತೋರಿಸೋದಾದರೆ ಮಾತ್ರ ರಾಜಿಯೇ ಇಲ್ಲ. ಸೌರ ಫಿಲ್ಟರ್ ಟೆಲಿಸ್ಕೋಪಿನ ಮುಂದಿನ ಬಾಯಿಗೇ ಬರಬೇಕು. ಐಪೀಸಿಗೆ ತಿರುಪೋ ಚಿಕ್ಕ ಗಾಜಿನ ಮೇಲೆ ಶಾಖ ಒಟ್ಟುಗೂಡಿ ಅದು ಸಿಡಿಯಬಹುದು. ಕಣ್ಣಿಗೆ ಆಗೋ ಹಾನಿಯನ್ನ ಮತ್ತೆ ಸರಿ ಮಾಡೋಕಾಗಲ್ಲ. ಫಿಲ್ಟರಲ್ಲಿ ಸೂಜಿಮೊನೆಯಷ್ಟು ತೂತಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಗಾಳಿಗೆ ಹಾರದ ಹಾಗೆ ಟೇಪ್ ಸುತ್ತಿ. ಗುರಿ ಹಿಡಿಯೋಕೆ ಪಕ್ಕದಲ್ಲಿರೋ ಚಿಕ್ಕ ದೂರದರ್ಶಕವನ್ನ, ಅಂದರೆ ಫೈಂಡರನ್ನ, ಬಿಚ್ಚಿಡಿ. ಒಬ್ಬರು ಸದಾ ಪಕ್ಕದಲ್ಲೇ ಇರಬೇಕು, ನೀರು ಕುಡಿಯೋಕೂ ಬಿಟ್ಟು ಹೋಗಬಾರದು.

ಈಗ ಒಳಗಿನ ಮಾದರಿಗಳ ವಿಷಯ. ಗುಂಡಿ ಒತ್ತಿದರೆ ದೀಪ ಹತ್ತೋ ಮಾದರಿ ನನಗೆ ಇಷ್ಟವಿಲ್ಲ. ಮಗು ಒತ್ತುತ್ತೆ, ದೀಪ ನೋಡುತ್ತೆ, ಓಡುತ್ತೆ. ಅದರ ಬದಲು ಒಂದು ಲೋಲಕ ಇಡಿ: ಒಂದು ದಾರ, ಎರಡು ಮೂರು ತೂಕ, ಒಂದು ಸ್ಟಾಪ್‌ವಾಚ್. 1 ಮೀಟರ್ ಉದ್ದಕ್ಕೆ ಹತ್ತು ತೂಗಾಟಕ್ಕೆ (ಹೋಗಿ ವಾಪಸ್ ಬಂದರೆ ಒಂದು) ಸುಮಾರು 20 ಸೆಕೆಂಡ್, 25 ಸೆಂಟಿಮೀಟರಿಗೆ ಸುಮಾರು 10. ಉದ್ದ ಕಾಲು ಭಾಗಕ್ಕೆ ಇಳಿದರೆ ಸಮಯ ಅರ್ಧಕ್ಕೆ ಇಳಿಯುತ್ತೆ. ತೂಕ ಬದಲಿಸಿದರೆ ಏನೂ ಆಗಲ್ಲ, ಅಲ್ಲೇ ಬೆರಗು ಇರೋದು. ಆದರೆ ಇಲ್ಲೇ ಒಂದು ಬಲೆಯೂ ಇದೆ. ದೊಡ್ಡ ತೂಕದ ಕೊಕ್ಕೆ ಉದ್ದವಿದ್ದು ಅದರ ನಡುಭಾಗ 3 ಸೆಂಟಿಮೀಟರ್ ಕೆಳಗಿಳಿದರೆ, 25 ಸೆಂಟಿಮೀಟರ್ ಲೋಲಕದಲ್ಲಿ 10 ಸೆಕೆಂಡಿನ ಜಾಗದಲ್ಲಿ 10.6 ಬರುತ್ತೆ. ‘ತೂಕ ಹೆಚ್ಚಾದ್ರೆ ನಿಧಾನ’ ಅಂತ ತಪ್ಪು ಪಾಠ ಕಲಿತು ಮಗು ಮನೆಗೆ ಹೋಗುತ್ತೆ. ಉದ್ದವನ್ನ ಗಂಟಿನವರೆಗೆ ಅಳೆಯಬಾರದು, ತೂಕದ ನಡುವಿನವರೆಗೆ ಅಳೆಯಬೇಕು. ಒಂದೇ ತೂಗಾಟ ಅಳೆದರೂ ಕೆಡುತ್ತೆ. ಬೆರಳು ಒತ್ತೋದರಲ್ಲೇ 0.2 ಸೆಕೆಂಡ್ ಆಚೀಚೆ ಆಗುತ್ತೆ, ಅದು ಹತ್ತು ತೂಗಾಟಕ್ಕೆ ಹಂಚಿಹೋಗಲಿ. ಶುರುವಿನ ಕೋನ 15 ಡಿಗ್ರಿ ದಾಟದಿರಲಿ, ಹಿಂದಿನ ಹಲಗೆ ಮೇಲೆ ಗೆರೆ ಎಳೆದಿಡಿ.

1851ರಲ್ಲಿ ಪ್ಯಾರಿಸ್ಸಿನ ಪ್ಯಾಂಥಿಯಾನ್ ಕಟ್ಟಡದಲ್ಲಿ ಫ್ರೆಂಚ್ ಭೌತವಿಜ್ಞಾನಿ ಫೂಕೊ ತೂಗುಬಿಟ್ಟಿದ್ದೂ ಲೋಲಕವನ್ನೇ. 67 ಮೀಟರ್ ತಂತಿ, 28 ಕಿಲೋ ಗುಂಡು. ಆ ಅಕ್ಷಾಂಶದಲ್ಲಿ ತೂಗೋ ದಿಕ್ಕು ಗಂಟೆಗೆ ಬರೀ 11 ಡಿಗ್ರಿಯಷ್ಟು ತಿರುಗುತ್ತೆ. ಗುಂಡಿನ ಕೆಳಗಿನ ಮೊನೆ ಮರಳಿನ ದಿಬ್ಬವನ್ನ ಪ್ರತಿ ಸಲ ಸ್ವಲ್ಪ ಪಕ್ಕಕ್ಕೆ ಕೊರೀತಾ ಹೋಗ್ತಿತ್ತು. ನಿಂತು ನೋಡಿದವರಿಗೆ ಮಾತ್ರ ಭೂಮಿ ತಿರುಗೋದು ಕಾಣೋ ಪ್ರದರ್ಶನ ಅದು. ಸಾಲನ್ನ ಬೇಗ ಬೇಗ ತಳ್ಳೋ ಜಾಗದಲ್ಲಿ ಅಂಥದ್ದಕ್ಕೆ ಅರ್ಥವೇ ಇರಲ್ಲ.

ಫಲಕಗಳ ವಿಷಯದಲ್ಲಿ ಕನ್ನಡಕ್ಕೇ ಸೇರಿದ ಒಂದು ತೊಂದರೆ ಇದೆ. ಇಂಗ್ಲಿಷಿಗೆ ಹೊಂದಿಸಿದ ಸಾಲಿನ ಅಂತರದಲ್ಲೇ ಕನ್ನಡ ಸುರಿದರೆ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತೆ. ಅಂತರವನ್ನ ಒಂದೂವರೆ ಪಟ್ಟಿಗೆ ಏರಿಸಿ. ಓದೋ ದೂರವನ್ನ 200ರಿಂದ ಭಾಗಿಸಿದರೆ ಅಕ್ಷರದ ಕನಿಷ್ಠ ಎತ್ತರ ಸಿಗುತ್ತೆ: 2 ಮೀಟರಿಗೆ 10 ಮಿಲಿಮೀಟರ್. ಒತ್ತಕ್ಷರ ಅದಕ್ಕಿಂತ ಚಿಕ್ಕದಾಗಿರೋದ್ರಿಂದ ನಾನಾದರೆ ಇನ್ನೂ ದೊಡ್ಡದು ಮಾಡಿ ಅಂತೀನಿ. ಹೊಳೆಯೋ ಲ್ಯಾಮಿನೇಷನ್ ಬೇಡ, ದೀಪದ ಪ್ರತಿಬಿಂಬದಲ್ಲಿ ಅರ್ಧ ವಾಕ್ಯ ಮುಳುಗಿಹೋಗುತ್ತೆ. ಪಠ್ಯಪುಸ್ತಕದ ಪುಟವನ್ನ ಹಾಗೇ ಅಂಟಿಸೋದಂತೂ ಬೇಡವೇ ಬೇಡ. ಐವತ್ತು ಪದ ಸಾಕು, ಮೊದಲ ಸಾಲು ‘ಈ ದಾರವನ್ನ ಗಿಡ್ಡ ಮಾಡಿ ನೋಡಿ’ ಅನ್ನೋ ಥರ ಕೈಗೆ ಕೆಲಸ ಕೊಡಲಿ. ಗಾಲಿಕುರ್ಚಿಯಲ್ಲಿ ಬರೋರಿಗೆ ಮೇಜಿನ ಕೆಳಗೆ ಮೊಣಕಾಲು ಹೋಗೋ ಜಾಗ ಇರಬೇಕು. ಮುಂಭಾಗಕ್ಕೆ ನೆಲದವರೆಗೆ ಬಟ್ಟೆ ಕಟ್ಟಿ ಹಿಂದೆ ಪೆಟ್ಟಿಗೆ ತುಂಬೋ ಅಭ್ಯಾಸ ಇದನ್ನ ಕಿತ್ತುಕೊಳ್ಳುತ್ತೆ.

ಸ್ವಯಂಸೇವಕರಿಗೆ ಕಂಠಪಾಠ ಮಾಡಿಸೋದಕ್ಕಿಂತ ಸುಮ್ಮನಿರೋದನ್ನ ಕಲಿಸಿ. ಪ್ರಶ್ನೆ ಕೇಳಿದ ಶಿಕ್ಷಕರು ಸರಾಸರಿ ಒಂದು ಸೆಕೆಂಡೂ ಕಾಯಲ್ಲ, ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತೆ, ‘ಗೊತ್ತಿಲ್ಲ’ ಅನ್ನೋದು ಕಡಿಮೆಯಾಗುತ್ತೆ ಅಂತ ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ತೋರಿಸಿದ್ರು. ಪ್ರದರ್ಶನದ ಗದ್ದಲದಲ್ಲಿ ಆ ಮೂರು ಸೆಕೆಂಡ್ ತುಂಬಾ ಉದ್ದ ಅನ್ನಿಸುತ್ತೆ. ಆದರೂ ಕಾಯಬೇಕು.

ಮುಟ್ಟೋಕೆ ಬಿಟ್ಟ ವಸ್ತು ಮುರಿಯುತ್ತೆ, ಮುರೀಲೇಬೇಕು. ಭೌತವಿಜ್ಞಾನಿ ಫ್ರಾಂಕ್ ಓಪನ್‌ಹೈಮರ್ 1969ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಕ್ಸ್‌ಪ್ಲೊರೇಟೋರಿಯಂ ಅನ್ನೋ ವಿಜ್ಞಾನ ಸಂಗ್ರಹಾಲಯ ಶುರು ಮಾಡಿದಾಗ ವರ್ಕ್‌ಶಾಪನ್ನ ಜನರ ಕಣ್ಣೆದುರೇ ಇಟ್ಟರು. ಮಾದರಿ ಕಟ್ಟೋದು, ರಿಪೇರಿ ಮಾಡೋದು ಕೂಡ ನೋಡೋ ವಿಷಯವೇ ಆಯ್ತು. ನೀವೂ ಒಂದು ಮೇಜನ್ನ ರಿಪೇರಿಗೇ ಮೀಸಲಿಡಿ: ಮಲ್ಟಿಮೀಟರ್, ಸ್ಕ್ರೂಡ್ರೈವರ್, ಕೇಬಲ್ ಟೈ, ದಾರ, ಫ್ಯೂಸ್, ಬ್ಯಾಟರಿ, ಟೇಪ್. ‘ಕೆಟ್ಟಿದೆ’ ಅಂತ ಚೀಟಿ ಅಂಟಿಸಿದ ಮಾದರಿಯನ್ನ ಮೂಲೆಗೆ ತಳ್ಳಬೇಡಿ, ಆ ಮೇಜಿಗೆ ತನ್ನಿ, ಕೇಳೋ ಮಗುವಿನ ಕೈಗೇ ಮಲ್ಟಿಮೀಟರಿನ ತಂತಿ ಕೊಡಿ. ಬ್ಯಾಟರಿ ಮಾದರಿಗಳಿಗೆ ಮಾತ್ರ ಅದು, ಗೋಡೆಯ ಕರೆಂಟಿನ ಉಪಕರಣವನ್ನ ಗೊತ್ತಿದ್ದವರೇ ಪ್ಲಗ್ ಕಿತ್ತು ಬಿಚ್ಚಬೇಕು. ಯಾವ ಮಾದರಿ ಎಷ್ಟು ಸಲ ಕೆಟ್ಟಿತು ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಹೆಚ್ಚು ಸಲ ಕೆಟ್ಟಿದ್ದನ್ನ ತೆಗೆದುಹಾಕೋಣ ಅಂತ ಅವಸರ ಮಾಡಬೇಡಿ. ಜನ ಅತಿ ಹೆಚ್ಚು ಹೊತ್ತು ಕೈಯಾಡಿಸಿದ್ದು ಬಹುಶಃ ಅದನ್ನೇ. ಮುಂದಿನ ಸಲ ಅದನ್ನ ಇನ್ನೂ ಗಟ್ಟಿಯಾಗಿ ಎರಡು ಮಾಡಿಸಿ.