ಕಡಲಿನಲ್ಲಿ ಕಾರ್ಬೊನೇಟಿನ ಬರ

ಕೇಳುಗರಿಗೆ ನಮಸ್ಕಾರ.

ಸಾಗರದ ಆಮ್ಲೀಕರಣ ಎಂದೊಡನೆ ಎದುರಾಗುವ ಮೊದಲ ಪ್ರಶ್ನೆ, ಇನ್ನು ಸಮುದ್ರಕ್ಕಿಳಿದರೆ ಮೈ ಉರಿಯುತ್ತದೆಯೇ ಎಂಬುದು. ಉರಿಯುವುದಿಲ್ಲ. ಸಮುದ್ರದ ನೀರು ಇಂದಿಗೂ ಕ್ಷಾರವೇ. ಪಿಎಚ್ ಅಳತೆಯಲ್ಲಿ 7 ಎಂದರೆ ತಟಸ್ಥ. ಕೈಗಾರಿಕಾ ಕ್ರಾಂತಿಗೆ ಮುಂಚೆ ಕಡಲ ಮೇಲ್ಪದರದ ಪಿಎಚ್ ಸುಮಾರು 8.2 ಇತ್ತು, ಈಗ ಸುಮಾರು 8.1 ಆಗಿದೆ. ಇಷ್ಟೇನಾ ಎಂದು ಕೇಳುವವರೂ ಇದ್ದಾರೆ. ದಯವಿಟ್ಟು ಇಷ್ಟೇ ಎನ್ನಬೇಡಿ. ಪಿಎಚ್ ಒಂದು ಅಂಕ ಇಳಿದರೆ ನೀರಿನಲ್ಲಿ ಹೈಡ್ರೋಜನ್ ಅಯಾನು ಹತ್ತು ಪಟ್ಟಾಗುತ್ತದೆ. 0.1 ಇಳಿದರೆ ಶೇಕಡಾ 26ರಷ್ಟು ಹೆಚ್ಚುತ್ತದೆ.

ಪಿಎಚ್ ಅಂಕಿ ಮರೆತುಹೋದರೂ ಚಿಂತೆಯಿಲ್ಲ. ಒಂದೇ ಮಾತು ನೆನಪಿನಲ್ಲಿ ಉಳಿಯಲಿ: ಕಡಲಿನಲ್ಲಿ ಕಾರ್ಬೊನೇಟ್ ಕಡಿಮೆಯಾಗುತ್ತಿದೆ.

ಕಲ್ಲಿದ್ದಲು, ಪೆಟ್ರೋಲು, ಡೀಸೆಲ್ ಸುಟ್ಟು ನಾವು ಗಾಳಿಗೆ ಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಹೆಚ್ಚುಕಡಿಮೆ ಕಾಲು ಭಾಗವನ್ನು ಸಮುದ್ರ ಹೀರಿಕೊಳ್ಳುತ್ತದೆ. ಅದು ನೀರಿನೊಡನೆ ಸೇರಿ ಕಾರ್ಬೊನಿಕ್ ಆಮ್ಲವಾಗುತ್ತದೆ. ಆಮ್ಲ ಒಡೆದು ಹೈಡ್ರೋಜನ್ ಅಯಾನು ಹೊರಬರುತ್ತದೆ. ಹೊರಬಂದದ್ದು ಸುಮ್ಮನಿರದೆ, ನೀರಿನಲ್ಲಿರುವ ಕಾರ್ಬೊನೇಟನ್ನು ಹಿಡಿದು ಬೈಕಾರ್ಬೊನೇಟ್ ಮಾಡಿಬಿಡುತ್ತದೆ. ಚಿಪ್ಪಾಗಲಿ ಹವಳವಾಗಲಿ, ಆಗಿರುವುದು ಕ್ಯಾಲ್ಸಿಯಂ ಕಾರ್ಬೊನೇಟಿನಿಂದ. ಸಮುದ್ರದಲ್ಲಿ ಕ್ಯಾಲ್ಸಿಯಂಗೆ ಬರವಿಲ್ಲ, ಬರ ಇರುವುದು ಕಾರ್ಬೊನೇಟಿಗೆ. ಮೇಸ್ತ್ರಿ ಗೋಡೆ ಏರಿಸುತ್ತಿರುವಾಗಲೇ ಹಿಂದಿನಿಂದ ಯಾರೋ ಇಟ್ಟಿಗೆ ಹೊತ್ತುಕೊಂಡು ಹೋದಂತೆ. ಗೋಡೆ ನಿಲ್ಲುವುದಿರಲಿ, ಕಾರ್ಬೊನೇಟ್ ತೀರಾ ಇಳಿದರೆ ಕಟ್ಟಿದ ಚಿಪ್ಪೇ ಕರಗತೊಡಗುತ್ತದೆ.

ಅಮೆರಿಕದ ಪಶ್ಚಿಮ ಕರಾವಳಿಯ ಒರೆಗಾನ್ ರಾಜ್ಯದಲ್ಲಿ ನೆಟಾರ್ಟ್ಸ್ ಎಂಬ ಕೊಲ್ಲಿಯಿದೆ. ಅದರ ದಡದಲ್ಲಿ ವಿಸ್ಕಿ ಕ್ರೀಕ್ ಎಂಬ ಹ್ಯಾಚರಿ. ಅಲ್ಲಿ ಸಿಂಪಿಯ ಮರಿಗಳನ್ನು ಬೆಳೆಸಿ ಸಾಕಣೆದಾರರಿಗೆ ಕಳಿಸುತ್ತಾರೆ. 2007ರ ಸುಮಾರಿಗೆ ಅಲ್ಲಿ ತೊಟ್ಟಿ ತೊಟ್ಟಿ ಮರಿಗಳು ಸಾಯತೊಡಗಿದವು. ಕೋಟಿಗಟ್ಟಲೆ ಮರಿ ತಳ ಸೇರಿತು. ಮೊದಲ ಅನುಮಾನ ವಿಬ್ರಿಯೊ ಎಂಬ ಬ್ಯಾಕ್ಟೀರಿಯದ ಮೇಲೆ. ಅನುಮಾನ ಸುಳ್ಳಲ್ಲ, ಆ ಬ್ಯಾಕ್ಟೀರಿಯ ಸಿಂಪಿಯ ಮರಿಗಳನ್ನು ಕೊಲ್ಲುತ್ತದೆ. ನೀರನ್ನು ಶುದ್ಧ ಮಾಡುವ ಏರ್ಪಾಡಾಯಿತು. ಆದರೂ ಮರಿಗಳು ಸಾಯುವುದು ನಿಲ್ಲಲಿಲ್ಲ.

ಆಮೇಲೆ ಒರೆಗಾನ್ ರಾಜ್ಯ ವಿಶ್ವವಿದ್ಯಾಲಯದ ವಿಜ್ಞಾನಿಗಳೂ ಹ್ಯಾಚರಿಯವರೂ ಕೂಡಿ ನೀರಿನ ರಸಾಯನವನ್ನೇ ಅಳೆಯತೊಡಗಿದರು. ಗುಟ್ಟು ಗಾಳಿಯಲ್ಲಿತ್ತು. ಬೇಸಿಗೆಯಲ್ಲಿ ಅಲ್ಲಿ ಉತ್ತರದಿಂದ ಗಾಳಿ ಬೀಸುತ್ತದೆ. ಅದು ಮೇಲಿನ ನೀರನ್ನು ದಡದಿಂದ ಆಚೆಗೆ ತಳ್ಳುತ್ತದೆ, ಅದರ ಜಾಗಕ್ಕೆ ಆಳದ ತಣ್ಣನೆಯ ನೀರು ಏರಿಬರುತ್ತದೆ. ಆಳದಲ್ಲಿ ಕೊಳೆತ ಜೀವರಾಶಿಯಿಂದ ಬಂದ ಇಂಗಾಲದ ಡೈಆಕ್ಸೈಡ್ ಅದರಲ್ಲಿ ಮೊದಲೇ ತುಂಬಿರುತ್ತದೆ. ಅದೇ ನೀರು ದಶಕಗಳ ಹಿಂದೆ ಮೇಲಿದ್ದಾಗ ಗಾಳಿಯಿಂದ ಹೀರಿಕೊಂಡ ನಮ್ಮ ಹೊಗೆಯ ಪಾಲೂ ಅದಕ್ಕೆ ಸೇರಿದೆ. ಆ ಪಾಲು ಸೇರಿದ್ದರಿಂದಲೇ, ಮೊದಲು ಹೇಗೋ ತಡೆದುಕೊಳ್ಳುವಂತಿದ್ದ ನೀರು ತಡೆಯಲಾರದಷ್ಟಾಯಿತು. ಪಂಪಿನಿಂದ ತೊಟ್ಟಿಗೆ ಬರುತ್ತಿದ್ದದ್ದು ಈ ನೀರು.

ಮರಿಗಳು ಸಾಯುವ ಹೊತ್ತನ್ನೂ ಗಮನಿಸಿ. ಮೊಟ್ಟೆ ಫಲಿತವಾದ ಮೊದಲ ಎರಡು ದಿನಗಳಲ್ಲಿ ಮರಿಗೆ ಬಾಯಿಲ್ಲ, ಮೇವಿಲ್ಲ. ಮೊಟ್ಟೆಯಲ್ಲಿರುವ ಒಂದಿಷ್ಟು ಕೊಬ್ಬೇ ಅದರ ಬುತ್ತಿ. ಅಷ್ಟರಲ್ಲೇ ಅದು ತನ್ನ ಮೊದಲ ಚಿಪ್ಪು ಕಟ್ಟಬೇಕು. ಆ ಚಿಪ್ಪು ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗಕ್ಕಿಂತ ಚಿಕ್ಕದು, ಸೂಕ್ಷ್ಮದರ್ಶಕದಲ್ಲಿ ಇಂಗ್ಲಿಷಿನ ‘ಡಿ’ ಅಕ್ಷರದಂತೆ ಕಾಣುತ್ತದೆ. ಬೆಳೆದ ಸಿಂಪಿಯ ಚಿಪ್ಪು ಹೆಚ್ಚಾಗಿ ಕ್ಯಾಲ್ಸೈಟ್ ಎಂಬ ಬಗೆಯ ಕ್ಯಾಲ್ಸಿಯಂ ಕಾರ್ಬೊನೇಟ್. ಮರಿಯ ಚಿಪ್ಪು ಅರಗೊನೈಟ್, ಅದು ಬೇಗ ಕರಗುವ ಬಗೆ. ನೀರಿನಲ್ಲಿ ಕಾರ್ಬೊನೇಟ್ ಕಡಿಮೆಯಿದ್ದರೆ ಚಿಪ್ಪು ಕಟ್ಟುವುದಕ್ಕೇ ಬುತ್ತಿಯೆಲ್ಲ ಖರ್ಚಾಗುತ್ತದೆ, ಈಜಿ ಮೇಯುವುದಕ್ಕೆ ಶಕ್ತಿ ಉಳಿಯುವುದಿಲ್ಲ. ಇನ್ನೊಂದು ಪೆಟ್ಟೆಂದರೆ, ಮೊದಲ ಎರಡು ದಿನ ಕೆಟ್ಟ ನೀರಿನಲ್ಲಿ ಕಳೆದ ಮರಿ ಕೂಡಲೇ ಸಾಯದಿದ್ದರೂ ವಾರ ಕಳೆದ ಮೇಲೆ ಸೊರಗುತ್ತದೆ. ಆಗ ನೀರು ಪರೀಕ್ಷಿಸಿದರೆ ಎಲ್ಲ ಸರಿಯಾಗಿಯೇ ಇರುತ್ತದೆ!

ಪರಿಹಾರ ಸರಳ. ಕೊಲ್ಲಿಯಲ್ಲಿ ಕಡಲಹುಲ್ಲೂ ಪಾಚಿಯೂ ಇವೆ. ಅವು ಹಗಲಿನಲ್ಲಿ ಇಂಗಾಲದ ಡೈಆಕ್ಸೈಡ್ ಹೀರುತ್ತವೆ, ರಾತ್ರಿ ಉಸಿರಾಟದಿಂದ ಬಿಡುತ್ತವೆ. ಹಾಗಾಗಿ ಮುಂಜಾನೆಯ ನೀರು ಕೆಟ್ಟದ್ದು, ಮಧ್ಯಾಹ್ನ ಕಳೆದ ಮೇಲಿನ ನೀರು ಒಳ್ಳೆಯದು. ತೊಟ್ಟಿ ತುಂಬುವ ಹೊತ್ತನ್ನು ಅದಕ್ಕೆ ತಕ್ಕಂತೆ ಬದಲಿಸಿದರು. ಒಳಬರುವ ನೀರಿಗೆ ಸೋಡಿಯಂ ಕಾರ್ಬೊನೇಟ್, ಅಂದರೆ ಸೋಡಾ ಆಶ್ ಬೆರೆಸಿದರು. ಕಳೆದುಹೋದ ಕಾರ್ಬೊನೇಟನ್ನೇ ಮರಳಿ ಕೊಟ್ಟದ್ದು. ಮರಿಗಳು ಮತ್ತೆ ಬೆಳೆದವು.

ಚಿಪ್ಪು ಸಾಕುವವರು ಯಾರಾದರೂ ಕೇಳುತ್ತಿದ್ದರೆ ಅಳತೆಯನ್ನೂ ಬರೆದುಕೊಳ್ಳಿ. ಸಾವಿರ ಲೀಟರ್ ಕಡಲ ನೀರಿಗೆ ಹತ್ತೂವರೆ ಗ್ರಾಂ ಸೋಡಾ ಆಶ್ ಹಾಕಿದರೆ ಕ್ಷಾರತೆ, ಅಂದರೆ ಆಮ್ಲವನ್ನು ತಡೆದುಕೊಳ್ಳುವ ನೀರಿನ ಶಕ್ತಿ, ಲೀಟರಿಗೆ 0.2 ಮಿಲಿಈಕ್ವಿವಲೆಂಟ್ ಏರುತ್ತದೆ. ಸಾಮಾನ್ಯ ಕಡಲ ನೀರಿನಲ್ಲಿ ಅದು 2.3ರ ಆಸುಪಾಸು. ಹರಳು ರೂಪದ ವಾಷಿಂಗ್ ಸೋಡಾ ಆದರೆ ಅದರ ಅರ್ಧಕ್ಕಿಂತ ಹೆಚ್ಚು ತೂಕ ನೀರಿನದೇ, ಇಪ್ಪತ್ತೆಂಟೂವರೆ ಗ್ರಾಂ ಬೇಕು. ಪುಡಿಯನ್ನು ಮಾತ್ರ ನೇರವಾಗಿ ತೊಟ್ಟಿಗೆ ಸುರಿಯಬೇಡಿ. ಬಿದ್ದ ಕಡೆ ಪಿಎಚ್ ಏಕಾಏಕಿ ಏರಿ ಬಿಳಿ ಗಸಿ ಕೂರುತ್ತದೆ, ಹಾಕಿದ ಸೋಡಾ ದಂಡವಾಗುತ್ತದೆ. ಸಿಹಿನೀರಿನಲ್ಲಿ ಕರಗಿಸಿ, ನೀರು ಕಲಕುತ್ತಿರುವಾಗ ಸಣ್ಣ ಧಾರೆಯಾಗಿ ಬಿಡಿ. ಅಡುಗೆ ಸೋಡಾ ಇದಕ್ಕೆ ಬದಲಿಯಲ್ಲ, ಅದು ಬೈಕಾರ್ಬೊನೇಟ್. ನಮಗೆ ಬೇಕಾದದ್ದು ಕಾರ್ಬೊನೇಟ್.

ಸಿಂಪಿಯ ಕಥೆಗೇ ಅರ್ಧಕ್ಕಿಂತ ಹೆಚ್ಚು ಸಮಯ ಹೋಯಿತು, ಉಳಿದದ್ದನ್ನು ಬೇಗ ಹೇಳುತ್ತೇನೆ. ತಣ್ಣೀರು ಹೆಚ್ಚು ಇಂಗಾಲದ ಡೈಆಕ್ಸೈಡ್ ಹಿಡಿದಿಡುತ್ತದೆ, ಆದ್ದರಿಂದ ಧ್ರುವಗಳ ಕಡಲಿಗೆ ಮೊದಲ ಪೆಟ್ಟು. ಅಂಟಾರ್ಕ್ಟಿಕಾದ ಸುತ್ತಲಿನ ಸಾಗರದಲ್ಲಿ ಟೆರೊಪಾಡ್ ಎಂಬ ಪುಟ್ಟ ಈಜುವ ಬಸವನಹುಳುಗಳ ಚಿಪ್ಪು ಜೀವಂತವಿರುವಾಗಲೇ ಕರಗುತ್ತಿದ್ದದ್ದನ್ನು ವಿಜ್ಞಾನಿಗಳು ಕಂಡಿದ್ದಾರೆ. ಮೀನುಗಳಿಗೆ, ತಿಮಿಂಗಿಲಗಳಿಗೆ ಅವು ಆಹಾರ. ಹವಳದ ದಿಬ್ಬವನ್ನು ಅಲೆಗಳೂ ಕೊರೆಯುವ ಜೀವಿಗಳೂ ದಿನವೂ ಸವೆಸುತ್ತವೆ. ಕಟ್ಟುವ ವೇಗ ಸವೆಯುವ ವೇಗಕ್ಕಿಂತ ಕಡಿಮೆಯಾದರೆ ದಿಬ್ಬ ಕುಗ್ಗುತ್ತದೆ, ಅದರ ಹಿಂದಿನ ದಡಕ್ಕೆ ಅಲೆ ನೇರವಾಗಿ ಬಡಿಯುತ್ತದೆ. ಇಟಲಿಯ ಇಸ್ಕಿಯಾ ದ್ವೀಪದ ಬಳಿ ಸಮುದ್ರದ ತಳದಿಂದ ಇಂಗಾಲದ ಡೈಆಕ್ಸೈಡ್ ಗುಳ್ಳೆಗಳಾಗಿ ಮೇಲೇಳುತ್ತದೆ. ಗುಳ್ಳೆಗಳ ಹತ್ತಿರ ಹೋದಷ್ಟೂ ಚಿಪ್ಪಿನ ಜೀವಿಗಳು ಕಡಿಮೆ, ಕಡಲಹುಲ್ಲು ಮಾತ್ರ ಸೊಂಪು. ಮುಂದೇನಾಗಬಹುದು ಎಂದು ಕೇಳುವವರು ಅಲ್ಲಿ ಹೋಗಿ ನೋಡಬಹುದು.

ಸೋಡಾ ಆಶ್ ಉಳಿಸುವುದು ತೊಟ್ಟಿಯನ್ನು. ಕಡಲಿಗೆ ಬೇಕಾದದ್ದು ಹೊಗೆ ಕಡಿಮೆ ಮಾಡುವುದು. ಬಿಸಿಲಿಗೆ ತಡೆಯೊಡ್ಡಿ ಭೂಮಿಯನ್ನು ತಂಪು ಮಾಡೋಣ ಎನ್ನುವ ಯೋಜನೆಗಳಿವೆ. ಅವುಗಳಿಂದ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೋಗುವುದಿಲ್ಲ, ಕಾರ್ಬೊನೇಟೂ ಮರಳುವುದಿಲ್ಲ. ದಡದ ಊರುಗಳ ಕೈಯಲ್ಲೂ ಒಂದು ಕೆಲಸವಿದೆ. ಗೊಬ್ಬರ, ಚರಂಡಿ ನೀರು ಕಡಲಿಗೆ ಹರಿದರೆ ಪಾಚಿ ಹುಚ್ಚಾಗಿ ಬೆಳೆದು, ಸತ್ತು, ಕೊಳೆತು ಅಲ್ಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಅದನ್ನು ತಡೆಯಬಹುದು.

ಕೊನೆಯದಾಗಿ ಅಳೆಯುವವರಿಗೆ. ಸಿಹಿನೀರಿಗೆಂದು ಮಾಡಿದ ಬಫರ್ ದ್ರಾವಣಗಳಿಂದ ಹೊಂದಿಸಿದ ಪಿಎಚ್ ಮೀಟರನ್ನು ಕಡಲ ನೀರಿನಲ್ಲಿ ನಂಬಬೇಡಿ. ಕೃತಕ ಕಡಲ ನೀರಿನಲ್ಲಿ ತಯಾರಿಸಿದ ಟ್ರಿಸ್ ಬಫರ್ ಬಳಸಿ. ಪಿಎಚ್ ಒಂದೇ ಸಾಲದು, ಒಟ್ಟು ಕ್ಷಾರತೆಯನ್ನೂ ಅಳೆಯಿರಿ. ಎರಡೂ ಇದ್ದರೆ, ನೀರಿನ ಉಷ್ಣತೆ ಮತ್ತು ಉಪ್ಪಿನಂಶ ಸೇರಿಸಿ ಕಾರ್ಬೊನೇಟ್ ಎಷ್ಟಿದೆಯೆಂದು ಲೆಕ್ಕ ಹಾಕಬಹುದು. ಮಾದರಿಯನ್ನು ಗಾಜಿನ ಬಾಟಲಿಯಲ್ಲೇ ಹಿಡಿಯಿರಿ. ಕೊಳವೆಯನ್ನು ತಳದವರೆಗೆ ಇಳಿಸಿ, ಗುಳ್ಳೆ ಏಳದಂತೆ ತುಂಬಿಸಿ, ಇನ್ನೊಂದು ಬಾಟಲಿಯಷ್ಟು ನೀರು ಹೊರಗೆ ಚೆಲ್ಲಿಹೋಗಲಿ. ಕೂಡಲೇ ಅಳೆಯಲಾಗದಿದ್ದರೆ 250 ಮಿಲಿಲೀಟರಿಗೆ 50 ಮೈಕ್ರೊಲೀಟರ್ ಮರ್ಕ್ಯುರಿಕ್ ಕ್ಲೋರೈಡಿನ ಸಂತೃಪ್ತ ದ್ರಾವಣ ಹಾಕಿ ಮುಚ್ಚಳ ಬಿಗಿಮಾಡಿ. ಇಲ್ಲವಾದರೆ ಬಾಟಲಿಯೊಳಗಿನ ಸೂಕ್ಷ್ಮಜೀವಿಗಳು ಉಸಿರಾಡುತ್ತಾ ನಿಮ್ಮ ಲೆಕ್ಕವನ್ನೇ ಬದಲಿಸುತ್ತವೆ. ಮರ್ಕ್ಯುರಿಕ್ ಕ್ಲೋರೈಡ್ ಕಡು ವಿಷ, ಕೈಗವಸಿಲ್ಲದೆ ಮುಟ್ಟಬೇಡಿ, ಚರಂಡಿಗೆ ಚೆಲ್ಲಬೇಡಿ.

ನಮಸ್ಕಾರ.