ತೂಬು, ಕೋಡಿ ಮತ್ತು ಸಾಫ್ಟ್‌ವೇರ್ ಆರ್ಕಿಟೆಕ್ಟ್

ಕೇಳುಗರಿಗೆ ನಮಸ್ಕಾರ.

ಬೆಂಗಳೂರಿನಲ್ಲಿ ಮನೆ ಕಟ್ಟಿಸಿದವರಿಗೆ ಇದು ಗೊತ್ತಿರುತ್ತದೆ. ಗೋಡೆಯ ಬಣ್ಣ ಹಿಡಿಸದಿದ್ದರೆ ಮುಂದಿನ ಹಬ್ಬಕ್ಕೆ ಬೇರೆ ಬಳಿಸಬಹುದು. ಸಂಪು ಎಲ್ಲಿರಬೇಕು, ಪಿಲ್ಲರ್ ಎಲ್ಲಿ ಏಳಬೇಕು ಎಂಬುದನ್ನು ಮಾತ್ರ ಪಾಯ ತೆಗೆಯುವ ಮೊದಲೇ ತೀರ್ಮಾನಿಸಬೇಕು. ಸಾಫ್ಟ್‌ವೇರಿನ ತೀರ್ಮಾನಗಳಲ್ಲೂ ಈ ಎರಡು ಜಾತಿ ಇವೆ. ಪರದೆಯ ಮೇಲಿನ ಬಟನ್ ತಪ್ಪಾದರೆ ನಾಳೆ ಬೆಳಿಗ್ಗೆ ತಿದ್ದಿದರಾಯಿತು. ಡೇಟಾ ಯಾವ ರೂಪದಲ್ಲಿ ಉಳಿಯಬೇಕು, ಯಾವ ಭಾಗ ಯಾವ ಭಾಗವನ್ನು ಕರೆಯಬಹುದು, ಒಂದು ಬಿದ್ದರೆ ಮಿಕ್ಕವು ಏನು ಮಾಡಬೇಕು ಎನ್ನುವುದು ತಪ್ಪಾದರೆ ತಿದ್ದಲು ತಿಂಗಳುಗಳೇ ಬೇಕು. ಈ ಎರಡನೇ ಜಾತಿಯ ತೀರ್ಮಾನಗಳನ್ನು ಹೊತ್ತವರೇ ಆರ್ಕಿಟೆಕ್ಟ್. ವಿಸಿಟಿಂಗ್ ಕಾರ್ಡಿನಲ್ಲಿ ಆ ಪದ ಇರಲಿ, ಬಿಡಲಿ.

ಆರ್ಕಿಟೆಕ್ಟ್ ಎಂದರೆ ಡಬ್ಬಿ, ಬಾಣಗಳ ಚಿತ್ರ ಬರೆಯುವವರು ಎಂಬ ಮಾತಿದೆ. ಬಾನುಲಿಯಲ್ಲಿ ಚಿತ್ರ ತೋರಿಸುವ ಹಾಗಿಲ್ಲ, ಒಂದು ರೀತಿಯಲ್ಲಿ ಒಳ್ಳೆಯದೇ ಆಯಿತು. ಚಿತ್ರವಿಲ್ಲದೆ ಬಾಯಿಮಾತಿನಲ್ಲಿ ಹೇಳಲು ಬಾರದ ವಿನ್ಯಾಸ ಸಾಮಾನ್ಯವಾಗಿ ಇನ್ನೂ ತೀರ್ಮಾನವಾಗಿರುವುದಿಲ್ಲ. ಇನ್ನು ಚಿತ್ರದಲ್ಲಷ್ಟೇ ಇರುವ ತೀರ್ಮಾನವಂತೂ ಆರು ತಿಂಗಳಲ್ಲಿ ಸುಳ್ಳಾಗುತ್ತದೆ. ಅದನ್ನು ಉಪಕರಣದೊಳಗೆ, ಅಂದರೆ ಕೋಡನ್ನು ಓಡಬಲ್ಲ ರೂಪಕ್ಕೆ ತರುವ ಬಿಲ್ಡ್, ಟೆಸ್ಟ್, ಡೇಟಾಬೇಸ್ ಸ್ಕ್ರಿಪ್ಟ್‌ಗಳ ಒಳಗೆ ಕೂರಿಸಬೇಕು. ಇವತ್ತಿನ ಮಾತು ಆ ಕೆಲಸದ ಕುರಿತು.

ಮೊದಲು ಕೆರೆಗೆ ಹೋಗೋಣ. ಈ ಊರಿನ ಹಳೆಯ ಕೆರೆಗಳು ಸರಪಳಿಯ ಹಾಗೆ ಕಟ್ಟಿದವು. ಬೆಳ್ಳಂದೂರು ತುಂಬಿದರೆ ನೀರು ವರ್ತೂರಿಗೆ, ಅಲ್ಲಿಂದ ಮುಂದೆ ದಕ್ಷಿಣ ಪಿನಾಕಿನಿಗೆ. ಪ್ರತಿ ಕೆರೆಗೂ ಏರಿ, ತೂಬು, ಕೋಡಿ. ತೂಬು ಗದ್ದೆಗೆ ಅಳತೆಯ ನೀರು ಬಿಡುತ್ತದೆ. ಕೋಡಿ ಹೆಚ್ಚಾದ ನೀರಿಗೆ ಮೊದಲೇ ಗೊತ್ತುಮಾಡಿದ ದಾರಿ. ಕೋಡಿಯಿಲ್ಲದ ಕೆರೆಯ ಏರಿ ಒಂದಲ್ಲ ಒಂದು ಮಳೆಗಾಲದಲ್ಲಿ ಒಡೆಯುತ್ತದೆ.

ಸಾಫ್ಟ್‌ವೇರಿನಲ್ಲಿ ಕೆಲಸಗಳು ಸರದಿಗೆ ಕಾಯುವ ಕ್ಯೂ ಎನ್ನುವುದು ಇದೇ ಕೆರೆ. ಲೆಕ್ಕ ಹಾಕೋಣ. ಸೆಕೆಂಡಿಗೆ 500 ಆರ್ಡರ್ ಬರುತ್ತಿವೆ, 300 ಮಾತ್ರ ವಿಲೇವಾರಿಯಾಗುತ್ತಿವೆ. ಹತ್ತು ನಿಮಿಷಕ್ಕೆ 1,20,000 ಆರ್ಡರ್ ನಿಲ್ಲುತ್ತವೆ. ಆಗ ಸಾಲಿನ ಕೊನೆಯಲ್ಲಿ ನಿಂತವನ ಸರದಿ ಬರಲು 400 ಸೆಕೆಂಡ್, ಅಂದರೆ ಆರೂಮುಕ್ಕಾಲು ನಿಮಿಷದ ಹತ್ತಿರ. ಆದರೆ ಅವನ ಫೋನಿನ ಆ್ಯಪ್ 30 ಸೆಕೆಂಡಿಗೇ ಕೈಬಿಟ್ಟು ಮತ್ತೆ ಹೊಸದಾಗಿ ಕಳಿಸಿರುತ್ತದೆ. ಹೀಗೆ ಯಾರೂ ಉತ್ತರಕ್ಕೆ ಕಾಯದ, ಸತ್ತ ಆರ್ಡರ್‌ಗಳಿಂದ ಕ್ಯೂ ತುಂಬುತ್ತದೆ. ಸರ್ವರ್ ಬೆವರು ಸುರಿಸಿ ದುಡಿಯುತ್ತಿರುತ್ತದೆ, ಒಂದು ಕೆಲಸವೂ ಗ್ರಾಹಕನಿಗೆ ಮುಟ್ಟುವುದಿಲ್ಲ.

ಇಲ್ಲಿ ಆರ್ಕಿಟೆಕ್ಟ್ ಕೇಳಬೇಕಾದದ್ದು ಕೋಡಿ ಎಲ್ಲಿದೆ ಎಂದು. ಮೇಲಿನ ಲೆಕ್ಕದಲ್ಲಿ ಒಬ್ಬರು 10 ಸೆಕೆಂಡಿಗಿಂತ ಹೆಚ್ಚು ಕಾಯಬಾರದು ಎಂದಾದರೆ ಕ್ಯೂವಿನ ಎತ್ತರ 3,000ಕ್ಕೆ ನಿಲ್ಲಬೇಕು. ಅದರ ಮೇಲೆ ಬಂದವರಿಗೆ 429, ಅಂದರೆ ಬೇಡಿಕೆ ಮಿತಿ ಮೀರಿದೆ ಎಂಬ ಉತ್ತರ, ಜೊತೆಗೆ ಎಷ್ಟು ಸೆಕೆಂಡ್ ಬಿಟ್ಟು ಬರಬೇಕೆಂಬ ಸೂಚನೆ. ಬಾಗಿಲಲ್ಲೇ ಇಲ್ಲ ಎನ್ನುವುದು ಒರಟಾಗಿ ಕಾಣಬಹುದು. ಒಳಗೆ ಕರೆದು ಕೂರಿಸಿ ಊಟವಿಲ್ಲ ಎನ್ನುವುದಕ್ಕಿಂತ ವಾಸಿ.

ಮರುಪ್ರಯತ್ನವೂ ಇದೇ ಪಾತ್ರದ ನೀರು. ಆ್ಯಪ್ ಮೂರು ಸಲ, ಗೇಟ್‌ವೇ ಮೂರು ಸಲ, ಒಳಗಿನ ಸರ್ವೀಸ್ ಮೂರು ಸಲ ಪ್ರಯತ್ನಿಸುತ್ತವೆ ಎಂದಿಟ್ಟುಕೊಳ್ಳಿ. ಒಬ್ಬ ಗ್ರಾಹಕ ಒಂದು ಸಲ ಒತ್ತಿದ್ದಕ್ಕೆ ಡೇಟಾಬೇಸಿನ ಮೇಲೆ 27 ಏಟು ಬೀಳುತ್ತವೆ, ಅದೂ ಅದು ಆಗಲೇ ಸುಸ್ತಾಗಿರುವ ಹೊತ್ತಿನಲ್ಲಿ. ಮರುಪ್ರಯತ್ನ ಒಂದೇ ಹಂತದಲ್ಲಿರಲಿ. ನಡುವಿನ ಅಂತರ 1, 2, 4 ಸೆಕೆಂಡ್ ಎಂದು ದುಪ್ಪಟ್ಟಾಗಲಿ, ಅದಕ್ಕೆ ಒಂದಿಷ್ಟು ಅಡ್ಡಾದಿಡ್ಡಿ ಸೇರಲಿ. ಸೇರದಿದ್ದರೆ ಸಾವಿರ ಫೋನುಗಳು ಒಟ್ಟಿಗೇ ಬಿದ್ದು, ಒಟ್ಟಿಗೇ ಕಾದು, ಒಟ್ಟಿಗೇ ಮತ್ತೆ ಬಾಗಿಲು ಬಡಿಯುತ್ತವೆ. ಕಾಯುವ ಮಿತಿಯನ್ನು ಒಳಗಿನಿಂದ ಹೊರಕ್ಕೆ ಬೆಳೆಸಬೇಕು. ಡೇಟಾಬೇಸಿಗೆ 2 ಸೆಕೆಂಡಿನಂತೆ ಮೂರು ಪ್ರಯತ್ನವಾದರೆ ಬರೀ ಕಾಯುವುದಕ್ಕೇ 6 ಸೆಕೆಂಡ್. ನಡುವಿನ 1 ಮತ್ತು 2 ಸೆಕೆಂಡಿನ ಅಂತರ ಸೇರಿ 9. ಅದನ್ನು ಕರೆಯುವವರ ಮಿತಿ 5 ಸೆಕೆಂಡ್ ಇದ್ದರೆ ಮೂರನೆಯ ಪ್ರಯತ್ನ ಯಾರಿಗಾಗಿ?

ಇನ್ನೊಂದು ಗುಪ್ತ ಗುಂಡಿ, ಮೊದಲೇ ತುಂಬಿಸಿ ಬಂದಿರುವ ಅಂಕಿಗಳು. ಜಾವಾದಲ್ಲಿ ಬಹಳ ಬಳಕೆಯ ಹಿಕಾರಿ ಎಂಬ ಕನೆಕ್ಷನ್ ಪೂಲ್, ಅಂದರೆ ಡೇಟಾಬೇಸಿನ ಕನೆಕ್ಷನ್‌ಗಳನ್ನು ತೆರೆದಿಟ್ಟು ಹಂಚುವ ಲೈಬ್ರರಿ, ನೀವು ಏನೂ ಹೇಳದಿದ್ದರೆ 10 ಕನೆಕ್ಷನ್ ಹಿಡಿಯುತ್ತದೆ. ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್, ನೀವು ಏನೂ ಹೇಳದಿದ್ದರೆ 100 ಕನೆಕ್ಷನ್ ಕೊಡುತ್ತದೆ, ಅದರಲ್ಲಿ 3 ಆಡಳಿತಗಾರರಿಗೆ ಮೀಸಲು. ಸರ್ವೀಸಿನ ಪ್ರತಿಗಳು 9 ಇರುವವರೆಗೆ ಎಲ್ಲ ಸುಸೂತ್ರ. ದಸರಾ ಮಾರಾಟದ ದಿನ, ಬೇಡಿಕೆಗೆ ತಕ್ಕಂತೆ ಪ್ರತಿಗಳನ್ನು ಹೆಚ್ಚಿಸುವ ಆಟೋಸ್ಕೇಲಿಂಗ್ ಅದನ್ನು 12ಕ್ಕೆ ಏರಿಸಿದಾಗ 120 ಬೇಡಿಕೆ, 97 ಜಾಗ. ಜನ ಹೆಚ್ಚಾದರೆಂದು ಕೌಂಟರ್ ಹೆಚ್ಚಿಸಿದ್ದೇ ಅಂಗಡಿ ಬಂದ್ ಆಗಲು ಕಾರಣ. ಆದ್ದರಿಂದ ಪ್ರತಿಗಳ ಗರಿಷ್ಠ ಸಂಖ್ಯೆಯನ್ನು ಪೂಲಿನ ಅಳತೆಯಿಂದ ಗುಣಿಸಿ, ಡೇಟಾಬೇಸಿನ ಮಿತಿಗಿಂತ ಕಡಿಮೆ ಇದೆಯೇ ಎಂದು ನೋಡುವ ನಾಲ್ಕು ಸಾಲಿನ ಟೆಸ್ಟ್ ಬರೆದು ಬಿಲ್ಡಿಗೆ ಸೇರಿಸಿ. ಮೀಟಿಂಗಿನಲ್ಲಿ ಹೇಳಿದ್ದು ಮರೆತುಹೋಗುತ್ತದೆ, ಬಿಲ್ಡ್ ಮರೆಯುವುದಿಲ್ಲ.

ಸೇವೆಗಳನ್ನು ಚೂರು ಚೂರು ಮಾಡುವ ಉತ್ಸಾಹಕ್ಕೂ ಲೆಕ್ಕವಿದೆ. ತಿಂಗಳಲ್ಲಿ ಶೇಕಡಾ 99.9 ಹೊತ್ತು ನಡೆಯುವ ಒಂದು ಸೇವೆ 43 ನಿಮಿಷ ನಿಲ್ಲಬಹುದು. ಅಂಥ ಐದು ಸೇವೆಗಳು ಒಂದನ್ನೊಂದು ನೆಚ್ಚಿಕೊಂಡು ಸಾಲಾಗಿ ನಿಂತರೆ ಒಟ್ಟು ಶೇಕಡಾ 99.5, ಅಂದರೆ ತಿಂಗಳಿಗೆ ಮೂರೂವರೆ ಗಂಟೆಗೂ ಹೆಚ್ಚು. ಒಡೆಯಬೇಡಿ ಎನ್ನುತ್ತಿಲ್ಲ. ಒಡೆದ ಮೇಲೆ ಯಾವುದು ಯಾವುದಿಲ್ಲದೆಯೂ ನಡೆಯಬಲ್ಲದು ಎಂದು ಮೊದಲೇ ಬರೆದಿಡಿ.

ಈಗ ದಿನನಿತ್ಯದ ಉಪಕರಣಗಳು. ಕೋಡಿನ ಬದಲಾವಣೆಗಳ ಚರಿತ್ರೆ ಇಡುವ ಗಿಟ್ ಅನ್ನು ಲಿನಸ್ ಟೊರ್ವಾಲ್ಡ್ಸ್ 2005ರ ಏಪ್ರಿಲ್‌ನಲ್ಲಿ ಬರೆಯತೊಡಗಿದರು. ಲಿನಕ್ಸ್ ಕರ್ನಲ್ ತಂಡ ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ಅಂಥದೇ ಉಪಕರಣದ ಉಚಿತ ಅನುಮತಿ ಹೋದದ್ದು ಅದಕ್ಕೆ ಕಾರಣ. ಇಂದು ಎಲ್ಲರೂ ಅದನ್ನು ಬಳಸುತ್ತಾರೆ, ಆದರೆ ಅದರ ಬೈಸೆಕ್ಟ್ ಎಂಬ ಅಸ್ತ್ರವನ್ನು ತೆಗೆಯುವವರು ಕಡಿಮೆ. ಹೋದ ತಿಂಗಳು ಸರಿಯಿತ್ತು, ಈಗ ಕೆಟ್ಟಿದೆ, ನಡುವೆ ಸಾವಿರ ಕಮಿಟ್, ಅಂದರೆ ಉಳಿಸಿಟ್ಟ ಬದಲಾವಣೆಗಳು. ಬೈಸೆಕ್ಟ್ ಪ್ರತಿ ಸಲ ನಟ್ಟನಡುವಿನದನ್ನು ತೆಗೆದು ಕೇಳುತ್ತದೆ. ಹತ್ತು ಸಲಕ್ಕೆ ಅಪರಾಧಿ ಸಿಗುತ್ತಾನೆ. ಟೆಸ್ಟ್ ಸ್ಕ್ರಿಪ್ಟ್ ಕೈಗಿತ್ತರೆ ನೀವು ಕಾಫಿ ಕುಡಿದು ಬರುವಷ್ಟರಲ್ಲಿ ಅದೇ ಹುಡುಕಿರುತ್ತದೆ. ಸ್ಕ್ರಿಪ್ಟ್ 0 ಎಂದರೆ ಸರಿ, 1 ಎಂದರೆ ಕೆಟ್ಟದ್ದು, 125 ಎಂದರೆ ಇದನ್ನು ಪರೀಕ್ಷಿಸಲಾಗದು, ಬಿಟ್ಟು ಮುಂದೆ ಹೋಗು. ಷರತ್ತು ಒಂದೇ, ಕಮಿಟ್‌ಗಳು ಬಿಲ್ಡ್ ಆಗುವಂತಿರಬೇಕು. ಶುಕ್ರವಾರ ಸಂಜೆಯ ಅರೆಬೆಂದ ಕಮಿಟ್‌ಗಳನ್ನೆಲ್ಲ ಹಾಗೇ ಮರ್ಜ್ ಮಾಡಿಟ್ಟ ತಂಡಕ್ಕೆ ಬರೀ 125 ಸಿಗುತ್ತದೆ.

ಟೆಸ್ಟ್‌ಗಳ ವಿಷಯದಲ್ಲಿ ನಂಬಿಕೆಯೇ ಬಂಡವಾಳ. ಕಾರಣವಿಲ್ಲದೆ ಒಮ್ಮೊಮ್ಮೆ ಬೀಳುವ ಟೆಸ್ಟ್ ಸಣ್ಣ ವಿಷಯವಲ್ಲ. ಸಾವಿರ ಟೆಸ್ಟ್‌ಗಳಿವೆ, ಪ್ರತಿಯೊಂದೂ ಸಾವಿರಕ್ಕೊಮ್ಮೆ ಮಾತ್ರ ಸುಳ್ಳು ಹೇಳುತ್ತದೆ ಎನ್ನಿ. ಕೋಡ್ ಪೂರ್ತಿ ಸರಿಯಿದ್ದರೂ ನೂರು ಬಿಲ್ಡ್‌ಗಳಲ್ಲಿ ಸುಮಾರು 37 ಮಾತ್ರ ಹಸಿರಾಗುತ್ತವೆ. ಆಮೇಲೆ ಜನ ಕೆಂಪು ಕಂಡರೆ ಓದುವುದಿಲ್ಲ, ಮತ್ತೊಮ್ಮೆ ಓಡಿಸುತ್ತಾರೆ. ನಿಜವಾದ ತಪ್ಪು ಆ ಗಲಾಟೆಯಲ್ಲೇ ದಾಟಿ ಪ್ರೊಡಕ್ಷನ್ ಸೇರುತ್ತದೆ. ಕಾರಣಗಳು ಹೆಚ್ಚಾಗಿ ನಾಲ್ಕೇ: ಇವತ್ತಿನ ದಿನಾಂಕವನ್ನು ನೆಚ್ಚಿದ್ದು, ಎರಡು ಟೆಸ್ಟ್ ಒಂದೇ ಡೇಟಾಬೇಸ್ ಹಂಚಿಕೊಂಡದ್ದು, ಒಂದರ ನಂತರ ಇನ್ನೊಂದು ಎಂಬ ಕ್ರಮವನ್ನು ನಂಬಿದ್ದು, ಇಷ್ಟು ಸೆಕೆಂಡ್ ಮಲಗಿ ಏಳು ಎಂದು ಬರೆದದ್ದು. ಅಂಥ ಟೆಸ್ಟನ್ನು ಅವತ್ತೇ ಪಕ್ಕಕ್ಕಿಡಿ. ವಾರದೊಳಗೆ ರಿಪೇರಿಯಾಗದಿದ್ದರೆ ಅಳಿಸಿ.

ವಿನ್ಯಾಸದ ನಿಯಮಗಳನ್ನೂ ಟೆಸ್ಟ್ ಮಾಡಬಹುದು. ಜಾವಾದಲ್ಲಿ ಆರ್ಕ್‌ಯೂನಿಟ್, ಪೈಥಾನ್‌ನಲ್ಲಿ ಇಂಪೋರ್ಟ್ ಲಿಂಟರ್, ಜಾವಾಸ್ಕ್ರಿಪ್ಟ್‌ನಲ್ಲಿ ಡಿಪೆಂಡೆನ್ಸಿ ಕ್ರೂಸರ್ ಎಂಬ ಉಪಕರಣಗಳು ಇದಕ್ಕಿವೆ. ಪರದೆಯ ಕೋಡ್ ನೇರವಾಗಿ ಡೇಟಾಬೇಸ್ ಮುಟ್ಟಬಾರದು ಎಂಬುದನ್ನು ಒಂದು ಸಾಲಿನಲ್ಲಿ ಬರೆದರೆ, ಮುಟ್ಟಿದ ದಿನ ಬಿಲ್ಡ್ ಕೆಂಪಾಗುತ್ತದೆ. ಹಳೆಯ ಕೋಡಿನಲ್ಲಿ ಆಗಲೇ ಮುನ್ನೂರು ಉಲ್ಲಂಘನೆ ಇದ್ದರೆ? ಆರ್ಕ್‌ಯೂನಿಟ್‌ನಲ್ಲಿ ಇರುವುದನ್ನು ಇದ್ದಂತೆ ಹೆಪ್ಪುಗಟ್ಟಿಸುವ ಸೌಲಭ್ಯವಿದೆ. ಹಳೆಯದನ್ನು ಕ್ಷಮಿಸಿ, ಹೊಸದನ್ನು ಮಾತ್ರ ಹಿಡಿಯುತ್ತದೆ. ಮುನ್ನೂರೊಂದನೆಯದು ಬರದಿದ್ದರೆ ಅದೇ ದೊಡ್ಡ ಗೆಲುವು.

ಹೊರಗಿನಿಂದ ತರುವ ಲೈಬ್ರರಿಗಳ ಬಗ್ಗೆ ಎರಡೇ ಮಾತು. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂ ಎಂಬ ಜಾವಾಸ್ಕ್ರಿಪ್ಟ್ ಉಗ್ರಾಣದಿಂದ ಹಿಂತೆಗೆದಾಗ ಜಗತ್ತಿನ ಅದೆಷ್ಟೋ ಬಿಲ್ಡ್‌ಗಳು ನಿಂತವು. 2021ರ ಡಿಸೆಂಬರ್‌ನಲ್ಲಿ ಲಾಗ್‌ಫೋರ್‌ಜೆ ಎಂಬ ಜಾವಾ ಲೈಬ್ರರಿಯ ಭದ್ರತಾ ದೋಷ ಬಯಲಾದಾಗ ಎಲ್ಲರ ಮುಂದಿದ್ದ ಪ್ರಶ್ನೆ, ಅದು ನಮ್ಮ ಯಾವ ಯಾವ ಸಾಫ್ಟ್‌ವೇರಿನ ಹೊಟ್ಟೆಯಲ್ಲಿದೆ ಎಂಬುದು. ಯಾವ ಲೈಬ್ರರಿಯ ಯಾವ ಆವೃತ್ತಿ ಎಂದು ಬರೆದಿಡುವ ಲಾಕ್ ಫೈಲನ್ನು ಗಿಟ್‌ಗೆ ಸೇರಿಸಿ, ಬಿಲ್ಡ್ ಯಂತ್ರದಲ್ಲಿ ಎನ್‌ಪಿಎಂ ಇನ್‌ಸ್ಟಾಲ್ ಬದಲು ಆ ಫೈಲಿನಲ್ಲಿರುವಂತೆಯೇ ತರುವ ಎನ್‌ಪಿಎಂ ಸಿಐ ಬಳಸಿ, ಪ್ರತಿ ಬಿಡುಗಡೆಯ ಜೊತೆ ಒಳಗಿರುವ ಸಾಮಾನಿನ ಪಟ್ಟಿ ಉಳಿಸಿ.

ಡೇಟಾಬೇಸಿನ ಬದಲಾವಣೆಗೆ ಮಾತ್ರ ತಾಳ್ಮೆ ಬೇಕು. ಒಂದು ಕಾಲಂನ ಹೆಸರು ಬದಲಾಯಿಸುವುದು ಒಂದು ಸಾಲಿನ ಆಜ್ಞೆ. ಆದರೆ ಡಿಪ್ಲಾಯ್ ಆಗುವ ಹತ್ತು ನಿಮಿಷ ಹಳೆಯ ಕೋಡೂ ಹೊಸ ಕೋಡೂ ಒಟ್ಟಿಗೇ ಓಡುತ್ತಿರುತ್ತವೆ. ಹಳೆಯದಕ್ಕೆ ಹಳೆಯ ಹೆಸರೇ ಬೇಕು. ಆದ್ದರಿಂದ ಮೊದಲು ಹೊಸ ಕಾಲಂ ಸೇರಿಸಿ. ಮುಂದಿನ ಬಿಡುಗಡೆಯಲ್ಲಿ ಎರಡಕ್ಕೂ ಬರೆಯಿರಿ. ಆಮೇಲೆ ಹಳೆಯ ದಾಖಲೆಗಳನ್ನು ಸಾವಿರ ಸಾವಿರದ ಕಂತಿನಲ್ಲಿ ನಕಲು ಮಾಡಿ, ಒಂದೇ ಏಟಿಗೆ ಕೋಟಿ ಸಾಲು ಬೇಡ. ನಂತರದ ಬಿಡುಗಡೆಯಲ್ಲಿ ಓದುವುದನ್ನು ಹೊಸದಕ್ಕೆ ತಿರುಗಿಸಿ. ಎರಡು ವಾರ ಸುಮ್ಮನಿದ್ದು, ಹಳೆಯದಕ್ಕೆ ಬರೆಯುವುದನ್ನು ನಿಲ್ಲಿಸಿ, ಆಮೇಲೆ ಅದನ್ನು ತೆಗೆಯಿರಿ. ಪೋಸ್ಟ್‌ಗ್ರೆಸ್‌ನಲ್ಲಿ ಇನ್ನೊಂದು ಅಪಾಯವಿದೆ. ಟೇಬಲ್ ಬದಲಾಯಿಸುವ ಆಜ್ಞೆ ಯಾವುದೋ ಉದ್ದನೆಯ ರಿಪೋರ್ಟಿನ ಹಿಂದೆ ಬೀಗಕ್ಕಾಗಿ ಕಾಯುತ್ತ ನಿಂತರೆ, ಆ ಟೇಬಲ್ಲಿಗೆ ಆಮೇಲೆ ಬಂದವರೆಲ್ಲ ಅದರ ಹಿಂದೆ ನಿಲ್ಲುತ್ತಾರೆ. ಸಿಲ್ಕ್ ಬೋರ್ಡ್ ಹತ್ತಿರ ಒಂದು ಲಾರಿ ಯೂ ಟರ್ನ್‌ಗೆ ಕಾದು ನಿಂತ ಹಾಗೆ. ಲಾಕ್ ಟೈಮ್‌ಔಟ್ 2 ಸೆಕೆಂಡಿಗೆ ಕಟ್ಟಿ, ಸಿಗದಿದ್ದರೆ ಬಿಟ್ಟು ಮತ್ತೆ ಪ್ರಯತ್ನಿಸಿ.

ವೈಟ್‌ಫೀಲ್ಡ್‌ನಲ್ಲಿ ಒಂದು ತಂಡ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಇನ್ನೊಂದು ತಂಡ ಇದ್ದರೆ ಸಾಫ್ಟ್‌ವೇರಿನಲ್ಲೂ ಅಲ್ಲೇ ಒಂದು ಗಡಿ ಮೂಡುತ್ತದೆ. ಸಂಸ್ಥೆಯ ಮಾತುಕತೆಯ ದಾರಿಗಳೇ ಅದು ಕಟ್ಟುವ ವ್ಯವಸ್ಥೆಯ ಆಕಾರವಾಗುತ್ತವೆ ಎಂದು ಮೆಲ್ವಿನ್ ಕಾನ್ವೇ 1968ರಲ್ಲೇ ಬರೆದರು. ಆದ್ದರಿಂದ ಆ ಗಡಿ ದಾಟುವ ಪ್ರತಿ ಒಪ್ಪಂದಕ್ಕೂ ಒಂದು ಪುಟದ ದಾಖಲೆ ಕೋಡಿನ ಪಕ್ಕದಲ್ಲೇ ಇರಲಿ: ದಿನಾಂಕ, ಸಂದರ್ಭ, ತೀರ್ಮಾನ, ಬೇಡವೆಂದು ಬಿಟ್ಟ ದಾರಿಗಳು, ತೆರಬೇಕಾದ ಬೆಲೆ. ಬಿಟ್ಟ ದಾರಿಗಳೇ ಮುಖ್ಯ. ಮೂರು ವರ್ಷದ ಮೇಲೆ ಬರುವ ಹೊಸಬರು ಕೇಳುವುದು ಅದನ್ನೇ.

ಕೊನೆಗೆ, ಬೇರೆಡೆಯ ಪಾಠಗಳಲ್ಲಿ ಸಾಮಾನ್ಯವಾಗಿ ಸಿಗದ, ಆದರೆ ಇಲ್ಲಿ ಕೆಲಸ ಮಾಡುವ ಆರ್ಕಿಟೆಕ್ಟ್‌ಗೆ ಬೇಕೇ ಬೇಕಾದ ವಿಷಯ. ನಮ್ಮ ಗಡಿಯಾರ ಯುಟಿಸಿ ಎಂಬ ಜಾಗತಿಕ ಸಮಯಕ್ಕಿಂತ ಐದೂವರೆ ಗಂಟೆ ಮುಂದೆ. ಯುಟಿಸಿಯಲ್ಲಿರುವ ಸರ್ವರ್‌ನಲ್ಲಿ ಮಧ್ಯರಾತ್ರಿಗೆ ಎಂದಿಟ್ಟ ಕೆಲಸ ಇಲ್ಲಿ ಬೆಳಗಿನ 5.30ಕ್ಕೆ ಓಡುತ್ತದೆ. ನಮ್ಮ ಮಧ್ಯರಾತ್ರಿಯಿಂದ 5.30ರವರೆಗಿನ ವ್ಯವಹಾರವೆಲ್ಲ ಹಿಂದಿನ ದಿನದ ಲೆಕ್ಕಕ್ಕೆ ಬೀಳುತ್ತದೆ. ಸಮಯವನ್ನು ಯುಟಿಸಿಯಲ್ಲೇ ಉಳಿಸಿ, ದಿನವನ್ನು ಕತ್ತರಿಸುವಾಗ ಮಾತ್ರ ಭಾರತದ ವಲಯವನ್ನು ಹೆಸರಿಸಿ.

ಕನ್ನಡದ ಅಳತೆಯೂ ಬೇರೆ. ಬೆಂಗಳೂರು ಎಂಬುದು ನಮ್ಮ ಕಣ್ಣಿಗೆ ನಾಲ್ಕು ಅಕ್ಷರ, ಯೂನಿಕೋಡಿಗೆ 8 ಸಂಕೇತ, ಯುಟಿಎಫ್-8ರಲ್ಲಿ 24 ಬೈಟ್. ಒರಾಕಲ್‌ನಲ್ಲಿ ಕಾಲಂನ ಉದ್ದ ಸುಮ್ಮನೆ 20 ಎಂದು ಬರೆದರೆ, ಮೊದಲಿನ ಸೆಟ್ಟಿಂಗ್ ಪ್ರಕಾರ ಅದು 20 ಬೈಟ್. ನಮ್ಮ ಊರಿನ ಹೆಸರೇ ಹಿಡಿಸುವುದಿಲ್ಲ. ಎಸ್ಎಂಎಸ್ ಒಂದಕ್ಕೆ ಇಂಗ್ಲಿಷ್ ಆದರೆ 160 ಅಕ್ಷರ, ಕನ್ನಡವಾದರೆ 70, ಅದೂ ಸಂಕೇತಗಳ ಲೆಕ್ಕದಲ್ಲಿ. ಬಿಲ್ಲಿಂಗ್ ಅಂದಾಜು ತಪ್ಪುವುದು ಇಲ್ಲಿ. ಸಂಕೇತದ ಕ್ರಮದಲ್ಲಿ ಹೆಸರುಗಳನ್ನು ಜೋಡಿಸಿದರೆ ಳಕಾರ ಲಕಾರದ ಬೆನ್ನಿಗೇ ಬರುತ್ತದೆ, ನಮ್ಮ ವರ್ಣಮಾಲೆಯಲ್ಲೋ ಅದು ಹಕಾರದ ನಂತರ. ಓಕಾರದ ಗುರುತನ್ನು ಒಂದೇ ಸಂಕೇತವಾಗಿಯೂ ಬಿಡಿಬಿಡಿಯಾಗಿಯೂ ಬರೆಯಬಹುದಾದ್ದರಿಂದ ಗೋಪಾಲ ಎಂಬ ಹೆಸರು ಎರಡು ಬಗೆಯಲ್ಲಿ ಕೂತು, ಹುಡುಕಿದರೆ ಒಂದೇ ಸಿಗುತ್ತದೆ. ಒಳಬರುವ ಪಠ್ಯವನ್ನೆಲ್ಲ ಎನ್ಎಫ್‌ಸಿ ರೂಪಕ್ಕೆ, ಅಂದರೆ ಒಂದೇ ಸಂಕೇತದ ಬಗೆಗೆ ತಂದು ಉಳಿಸಿ. ಟೆಸ್ಟ್ ಡೇಟಾದಲ್ಲಿ ಗೋಪಾಲ, ಲಕ್ಷ್ಮೀ, ಕೃಷ್ಣಮೂರ್ತಿ, ಹೊಳೆನರಸೀಪುರ ಇರಲಿ. ಒಂಬತ್ತನೆಯ ಸಂಕೇತಕ್ಕೆ ಕತ್ತರಿಸಿ ನೋಡಿ, ಒತ್ತಕ್ಷರ ಉಳಿಯಿತೋ, ಮುರಿಯಿತೋ ಅಲ್ಲೇ ತಿಳಿಯುತ್ತದೆ.

ನಮಸ್ಕಾರ.