ಚಿಕ್ಕಮ್ಮ ಓದಿಸಿದ ಸಕ್ಕರೆ

ಕೇಳುಗರೆಲ್ಲರಿಗೂ ನಮಸ್ಕಾರ.

ಮನಸ್ಸಿನ ನೆಮ್ಮದಿ ಬಗ್ಗೆ ಮಾತಾಡಿ ಅಂತ ಕೇಳಿದಾಗ ನನಗೆ ನಗು ಬಂತು. ಹೋದ ಮೊಹರಂ ಹೊತ್ತಿನಲ್ಲಿ ಒಂದು ರಾತ್ರಿ ಎರಡು ಗಂಟೆಯಾದರೂ ನಾನು ನಿದ್ದೆ ಮಾಡಿರಲಿಲ್ಲ. ಕಾರಣ ಮೊಬೈಲು. ನಮ್ಮ ಬಂಧುಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಯಾರೋ ಒಂದು ಸಂದೇಶ ಹಾಕಿದ್ದರು. ಮೊಹರಂ ನಮ್ಮ ಹಬ್ಬ ಅಲ್ಲ, ಇನ್ನು ಮುಂದೆ ನಮ್ಮವರು ಯಾರೂ ಮೊಹರಂನಲ್ಲಿ ಕೂಡಿಸುವ ಅಲಾಯಿ ದೇವರಿಗೆ ಹೋಗಬಾರದು ಅಂತ. ನಾನು ಉತ್ತರ ಬರೆಯೋದು, ಅಳಿಸೋದು, ಮತ್ತೆ ಬರೆಯೋದು. ಎದೆ ಡಬಡಬ ಅಂತಿತ್ತು. ಸೌಹಾರ್ದದ ಪರವಾಗಿ ಬರೀತಿದ್ದೆ ನೋಡಿ, ಆದರೆ ಒಳಗೆ ಇದ್ದದ್ದು ಬರೀ ಸಿಟ್ಟು.

ನಮ್ಮೂರು ರಾಯಚೂರು ಜಿಲ್ಲೆಯಲ್ಲಿದೆ. ಆ ಕಡೆ ಮೊಹರಂ ಅಂದ್ರೆ ಏನು ಅಂತ ದೂರದವರಿಗೆ ಹೇಳೋದು ಸ್ವಲ್ಪ ಕಷ್ಟ. ಅಮಾವಾಸ್ಯೆ ಆದ ಮೇಲೆ ಚಂದ್ರ ಕಂಡರೆ ಅಲಾಯಿ ಕುಣಿಗೆ, ಅಂದ್ರೆ ಹಬ್ಬದ ಬೆಂಕಿ ಹಾಕುವ ಗುಂಡಿಗೆ, ಗುದ್ದಲಿ ಬೀಳುತ್ತದೆ. ಪೆಟ್ಟಿಗೆಯಲ್ಲಿದ್ದ ಪಂಜಾಗಳನ್ನು, ಅಂದ್ರೆ ಅಂಗೈ ಆಕಾರದ ಲೋಹದ ಲಾಂಛನಗಳನ್ನು, ತೆಗೆದು, ತೊಳೆದು, ಬಟ್ಟೆ ಉಡಿಸಿ ಕೂಡಿಸುತ್ತಾರೆ. ಆಮೇಲೆ ಊರಿಗೆ ಊರೇ ಅಲ್ಲಿರುತ್ತದೆ. ಲಿಂಗಾಯತರು, ಕುರುಬರು, ನಾಯಕರು, ಹಲಗೆ ಬಾರಿಸುವವರು, ಹೆಜ್ಜೆ ಹಾಕುವ ಹುಡುಗರು, ಹರಕೆ ಹೊತ್ತು ಫಕೀರರಾದ ಮಕ್ಕಳು. ಮುಸ್ಲಿಮರ ಒಂದು ಮನೆಯೂ ಇಲ್ಲದ ಹಳ್ಳಿಗಳಲ್ಲಿ ಕೂಡ ಈ ಹಬ್ಬ ನಡೆಯುತ್ತದೆ. ನಮ್ಮ ಜಿಲ್ಲೆಯ ಮುದಗಲ್ಲಿನಲ್ಲಂತೂ ಕಾಲಿಡಲು ಜಾಗ ಇರುವುದಿಲ್ಲ.

ಈ ಹಬ್ಬದ ಹಿಂದಿನ ಕಥೆ ಎಲ್ಲಿಯದು? ದೂರದ ಇರಾಕಿನ ಕರ್ಬಲಾದ್ದು. ಕ್ರಿ.ಶ. 680ರಲ್ಲಿ ಪ್ರವಾದಿಯವರ ಮೊಮ್ಮಗ ಹುಸೇನರನ್ನೂ ಅವರ ಜೊತೆಗಾರರನ್ನೂ ಅಲ್ಲಿ ಕೊಂದರು. ಕೊಲ್ಲುವ ಮೊದಲು ನೀರು ತಡೆದರು. ಹತ್ತಿರದಲ್ಲೇ ಯೂಫ್ರೆಟಿಸ್ ನದಿ, ಆದರೆ ಮಕ್ಕಳ ಬಾಯಿಗೆ ಒಂದು ಹನಿ ಇಲ್ಲ. ನನಗನ್ನಿಸುವುದೇನಂದ್ರೆ, ಈ ಕಥೆ ರಾಯಚೂರಿನವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮೇಲೆ ಕೃಷ್ಣಾ, ಕೆಳಗೆ ತುಂಗಭದ್ರಾ, ನಡುವೆ ನಾವು. ಎರಡು ಹೊಳೆಗಳ ಮಧ್ಯೆ ಇದ್ದುಕೊಂಡು ಕೊಡ ಹಿಡಿದು ಮೈಲಿಗಟ್ಟಲೆ ನಡೆದ ಹೆಂಗಸರ ಸೀಮೆ ಅದು. ಪಕ್ಕದಲ್ಲೇ ಹೊಳೆ ಇದ್ದೂ ಬಾಯಾರಿ ಬಳಲಿದ ಮಕ್ಕಳ ಮೇಲೆ ಕನ್ನಡದಲ್ಲಿ ಪದ ಕಟ್ಟಿ ರಾತ್ರಿಯಿಡೀ ಹಾಡಿದರೆ, ಅದನ್ನು ಕೇಳಿ ನಮ್ಮಜ್ಜಿಯಂಥವರು ಸೆರಗಿನಿಂದ ಕಣ್ಣು ಒರೆಸಿಕೊಂಡರೆ, ಅದರಲ್ಲಿ ಯಾವ ಧರ್ಮ ಹುಡುಕ್ತೀರಿ? ಈಗಲೂ ಆ ದಿನಗಳಲ್ಲಿ ಬಂದವರಿಗೆಲ್ಲ ಶರಬತ್ತು ಕೊಡುತ್ತಾರೆ.

ಅದಕ್ಕೇ ನನಗೆ ಸಹಿಷ್ಣುತೆ ಅನ್ನೋ ಪದ ಅಷ್ಟಾಗಿ ಹಿಡಿಸುವುದಿಲ್ಲ. ಸಹಿಸಿಕೊಳ್ಳೋದು ಅಂದ್ರೆ ಹಲ್ಲುನೋವನ್ನು ಸಹಿಸಿಕೊಂಡ ಹಾಗೆ. ನಮ್ಮಜ್ಜಿ ಯಾರನ್ನೂ ಸಹಿಸಿಕೊಳ್ತಾ ಇರಲಿಲ್ಲ. ನನಗೆ ಜ್ವರ ಬಂದರೆ ಸೋಮವಾರ ಬಸವಣ್ಣನ ಗುಡಿ, ಗುರುವಾರ ದರ್ಗಾ, ಎರಡಕ್ಕೂ ಬಗ್ಗದಿದ್ದರೆ ಡಾಕ್ಟರ ಹತ್ತಿರ ಸೂಜಿ. ಅಷ್ಟೇ ಲೆಕ್ಕ.

ಹಾಗಂತ ನಮ್ಮೂರು ಸ್ವರ್ಗ ಅಂತ ಹೇಳ್ತಿಲ್ಲ. ಎಲ್ಲರೂ ಒಂದೇ ಪಂಜಾಕ್ಕೆ ಕೈ ಮುಗಿದು ಬಂದು, ಮರುದಿನ ಚಹಾದಂಗಡಿಯಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದದ್ದನ್ನು ನಾನೇ ನೋಡಿದ್ದೇನೆ. ಹೆಜ್ಜೆ ಮೇಳದಲ್ಲಿ ಯಾರು ಮುಂದೆ ಅನ್ನೋದಕ್ಕೆ ತಲೆ ಒಡೆದುಕೊಂಡದ್ದೂ ಇದೆ. ಇದು ನಮ್ಮ ಧರ್ಮದಲ್ಲಿಲ್ಲ, ನಿಲ್ಲಿಸಿ ಅಂತ ಮುಸ್ಲಿಮರಲ್ಲೂ ಕೆಲವರು ಹೇಳುತ್ತಾರೆ, ಹಿಂದೂಗಳಲ್ಲೂ ಕೆಲವರು ಹೇಳುತ್ತಾರೆ. ಆ ಒಂದು ವಿಷಯದಲ್ಲಿ ಇಬ್ಬರದೂ ಒಂದೇ ಮಾತು, ತಮಾಷೆ ಅಲ್ವಾ?

ಇಂಥ ಕಡೆ ಬಹಳ ಜನ ಶಿಶುನಾಳ ಶರೀಫರ ಹೆಸರು ಹೇಳಿ ಮುಗಿಸಿಬಿಡುತ್ತಾರೆ. ಅವರು ದೊಡ್ಡವರು, ಅದರಲ್ಲಿ ಮಾತಿಲ್ಲ. ಆದರೆ ನನ್ನ ಆ ರಾತ್ರಿಯ ಸಿಟ್ಟಿಗೆ ಶರೀಫರೂ ಸಾಕಾಗಲಿಲ್ಲ.

ಬೆಳಿಗ್ಗೆ ಎದ್ದವಳೇ ಊರಿಗೆ, ಚಿಕ್ಕಮ್ಮನಿಗೆ ಫೋನ್ ಮಾಡಿದೆ. ಗ್ರೂಪಿನ ಸಂದೇಶ ಓದಿ ಹೇಳಿದೆ, ಯಾರು ಹಾಕಿದ್ದು ಅಂತಲೂ ಹೇಳಿದೆ, ನಾನು ಬರೆಯಬೇಕಂತಿದ್ದ ಉತ್ತರವನ್ನೂ ಉಸಿರು ಬಿಡದೆ ಹೇಳಿದೆ. ಆ ಕಡೆಯಿಂದ ಪಾತ್ರೆ ಸದ್ದು ಮಾತ್ರ ಕೇಳ್ತಿತ್ತು. ಕೊನೆಗೆ ಚಿಕ್ಕಮ್ಮ ಹೇಳಿದಳು: "ಹಿಟ್ಟು ನಾದಾಕತ್ತೀನಿ, ಕೈ ಖಾಲಿ ಇಲ್ಲ. ಆ ಫೋನ್ ಕೆಳಗ ಇಡವ್ವಾ ಮೊದ್ಲ. ನಿನ್ ಮಗನ ಹೆಸರ್ಲೆ ಸಕ್ರಿ ಓದಿಸ್ತೀನಿ. ಲಾಡಿ ಕಳಸ್ತೀನಿ, ಕೈಗೆ ಕಟ್ಟು."

ಸಕ್ಕರೆ ಓದಿಸೋದು ಅಂದ್ರೆ ಮುಲ್ಲಾನ ಮುಂದೆ ಹೆಸರು ಹೇಳಿ ಸಕ್ಕರೆಯ ಮೇಲೆ ಪ್ರಾರ್ಥನೆ ಓದಿಸೋದು; ಲಾಡಿ ಅಂದ್ರೆ ಹಬ್ಬದಲ್ಲಿ ಕೈಗೆ ಕಟ್ಟುವ ದಾರ. ಗೋಧಿ ಹಿಟ್ಟು, ಬೆಲ್ಲ. ಮೊಹರಂನ ಸಿಹಿ ತಿಂಡಿ ಚೊಂಗ್ಯ ಮಾಡ್ತಿದ್ದಳು. ಆ ಸಂದೇಶ ಹಾಕಿದವನು ಯಾರು ಗೊತ್ತಾ? ಅವಳ ಸ್ವಂತ ಮೈದುನನ ಮಗ. ಅವನ ಹೆಸರಲ್ಲೂ ಸಕ್ಕರೆ ಓದಿಸ್ತೀಯಾ ಅಂತ ಕೇಳಿದೆ, ಸ್ವಲ್ಪ ಚುಚ್ಚಿಯೇ ಕೇಳಿದೆ ಅನ್ನಿ. "ಪ್ರತಿ ವರ್ಷ ಓದಿಸ್ತೀನಿ, ಈ ವರ್ಷ ಯಾಕ ಬಿಡ್ಲಿ?" ಅಂದಳು.

ನನಗೆ ಮಾತೇ ಹೊರಡಲಿಲ್ಲ. ಅವಳು ಅವನನ್ನು ಗೆಲ್ಲಬೇಕು ಅಂತ ಹಾಗೆ ಹೇಳಿದ್ದಲ್ಲ, ಕ್ಷಮಿಸಿದ್ದೂ ಅಲ್ಲ. ಅವಳ ಮಟ್ಟಿಗೆ ಅಲ್ಲಿ ಜಗಳವೇ ಇರಲಿಲ್ಲ. ಹಬ್ಬ ಬಂದಿದೆ, ಹಿಟ್ಟು ನಾದಬೇಕು, ಮನೆಯ ಮಕ್ಕಳ ಹೆಸರು ಒಂದೊಂದಾಗಿ ನೆನಪಿಟ್ಟುಕೊಂಡು ಮುಲ್ಲಾನ ಮುಂದೆ ಹೇಳಬೇಕು. ನಾನು ಮಾತ್ರ ಇಲ್ಲಿ ಬೆಂಗಳೂರಿನಲ್ಲಿ ಕೂತು ಊರಿನ ಸೌಹಾರ್ದವನ್ನು ಬೆರಳ ತುದಿಯಲ್ಲಿ ಕಾಪಾಡ್ತಿದ್ದೆ.

ಅವತ್ತು ಫೋನು ಕೆಳಗಿಟ್ಟು ಸೊಪ್ಪು ಬಿಡಿಸಿದೆ. ಮೆಂತ್ಯ ಸೊಪ್ಪು, ಎರಡು ಕಟ್ಟು. ಗ್ರೂಪಿಗೆ ಉತ್ತರ ಬರೆಯಲಿಲ್ಲ. ಬರೆಯಬೇಕಿತ್ತೇನೋ, ಸುಮ್ಮನಿರೋದು ಯಾವಾಗಲೂ ಸರಿ ಅಂತ ನಾನು ಹೇಳೋದಿಲ್ಲ. ಆದರೆ ಸಂಜೆ ಆ ಹುಡುಗನಿಗೇ ಫೋನ್ ಮಾಡಿ, ಊರಿಗೆ ಹಬ್ಬಕ್ಕೆ ಹೋಗ್ತೀಯಾ ಅಂತ ಕೇಳಿದೆ. ರಜೆ ಸಿಕ್ಕಿಲ್ಲ ಅಕ್ಕಾ ಅಂದ. ಚಿಕ್ಕಮ್ಮ ನಿನ್ನ ಹೆಸರಲ್ಲಿ ಸಕ್ಕರೆ ಓದಿಸ್ತಾಳಂತೆ ಅಂದೆ. ಸ್ವಲ್ಪ ಹೊತ್ತು ಆ ಕಡೆ ಸದ್ದಿಲ್ಲ. ಆಮೇಲೆ ಕೇಳಿದ, "ಚೊಂಗ್ಯ ಕಳಿಸ್ತಾಳಾ?"

ವಾರದ ನಂತರ ಯಾರದೋ ಕೈಯಲ್ಲಿ ಡಬ್ಬಿ ಬಂತು. ಎರಡು ಪಾಲು ಮಾಡಿ ಕಟ್ಟಿದ್ದಳು, ಒಂದು ನಮಗೆ, ಒಂದು ಅವನಿಗೆ. ಗಟ್ಟಿಯಾಗಿಬಿಟ್ಟಿದ್ದವು. ಬಿಸಿ ಹಾಲಿನಲ್ಲಿ ಅದ್ದಿ ತಿಂದೆವು.

ನಮಸ್ಕಾರ.